ಕುಲುಮೆ ಕ್ಷೇಮ

ಜೂನ್ 28

ತಮ್ಮಾ,

ಕುಲುಮೆ ಕ್ಷೇಮ. ನಾವೂ ಕ್ಷೇಮ.

ಮೊನ್ನೆ ಮಧ್ಯಾಹ್ನ ಕಣಿವೆಯ ತಿರುವಿನಲ್ಲಿ ಗುಡ್ಡ ಬಂದು ರಸ್ತೆಯ ಮೇಲೆ ಕೂತುಬಿಟ್ಟಿದೆ. ಕುಸಿಯಿತು ಅನ್ನುವುದಕ್ಕಿಂತ ಕೂತಿತು ಅನ್ನುವುದೇ ಸರಿ. ಏಳುವ ಇರಾದೆ ಅದಕ್ಕೆ ಇದ್ದ ಹಾಗೆ ಕಾಣುವುದಿಲ್ಲ. ಫೋನಿನ ಕಂಬಗಳನ್ನೂ ಅಡಿಗೆ ಹಾಕಿಕೊಂಡಿದೆ. ನಮ್ಮವರಿಗೆ ಯಾರಿಗೂ ಏನೂ ಆಗಿಲ್ಲ. ನಮ್ಮ ಗಾಜಿನ ಬಾಟಲಿ ತುಂಬಿಕೊಂಡು ಹೊರಟ ಲಾರಿ ಗುಡ್ಡದ ಈಚೆಗೇ ಇತ್ತು, ಚಾಲಕ ಚಹಾ ಕುಡಿಯಲು ನಿಲ್ಲಿಸಿದ್ದನಂತೆ. ಅವನ ಚಹಾದ ಚಟಕ್ಕೆ ಇಷ್ಟು ದಿನ ಬೈಯುತ್ತಿದ್ದೆ. ಇನ್ನು ಬೈಯಲು ನನಗೆ ಬಾಯಿಲ್ಲ.

ಈ ಕಾಗದವನ್ನು ಹೇಸರಗತ್ತೆಯವನ ಕೈಲಿ ಕೊಟ್ಟಿದ್ದೇನೆ. ಗುಡ್ಡದ ನೆತ್ತಿಯ ಹಳೆಯ ಕಾಲುದಾರಿ ಅವನಿಗೂ ಅವನ ಪ್ರಾಣಿಗೂ ಮಾತ್ರ ಗೊತ್ತು. ಅವನಿಗೆ ಗೊತ್ತಿರುವುದರ ಬಗ್ಗೆ ನನಗೆ ಅನುಮಾನ, ಪ್ರಾಣಿಯ ಬಗ್ಗೆ ಇಲ್ಲ.

ಗೋದಾಮಿನಲ್ಲಿ ಬಾಟಲಿಗಳು ಸೂರು ಮುಟ್ಟಿವೆ. ಗಾಜಿಗೆ ಬೇಕಾದ ಮರಳಿಗೂ ಸೋಡಾಪುಡಿಗೂ ಕೊರತೆ ಇಲ್ಲ. ಕೆಳಗಿನಿಂದ ಬರಬೇಕಾದದ್ದು ಉರಿಸುವ ಎಣ್ಣೆ ಒಂದೇ. ಅದೂ ಇದೆ, ನೀನು ತಲೆಗೆ ಹಚ್ಚಿಕೊಳ್ಳಬೇಡ. ಔಷಧದ ಕಂಪನಿಯ ಖರೀದಿಯಮ್ಮನಿಗೆ ಹೇಳು, ಸ್ವಲ್ಪ ತಾಳಿಕೊಳ್ಳಲಿ. ಅಪ್ಪ ಹೊತ್ತಿಸಿದ ದಿನದಿಂದ ಈ ಬೆಂಕಿ ಒಂದು ಗಳಿಗೆ ಆರಿಲ್ಲ. ಆರಿದರೆ ಒಳಗಿನ ಗಾಜು ಹೆಪ್ಪುಗಟ್ಟಿ ಗೋಡೆಗಳನ್ನೇ ಸೀಳಿ, ಕುಲುಮೆ ಅನ್ನುವುದು ಒಂದು ದೊಡ್ಡ ಕಲ್ಲುಬಂಡೆಯಾಗುತ್ತದೆ ಅನ್ನುವುದು ನಿನಗೆ ನಾನು ಹೇಳಬೇಕಾದ್ದಲ್ಲ. ಹಾಗಾಗುವುದಿಲ್ಲ.

ಒಂದು ಮಾತು. ಏನೇ ಆಗಲಿ, ಮೀಸೆಯ ಅಂಗಳಕ್ಕೆ ಕಾಲಿಡಬೇಡ. ಅಪ್ಪನ ಕೈಕೆಳಗೆ ಗಾಜು ಊದಲು ಕಲಿತು, ಅಪ್ಪನಿಗೆ ಹೇಳದೆ ಎದ್ದುಹೋಗಿ ನೀನಿರುವ ಊರಿನ ಸಮುದ್ರದ ದಡದಲ್ಲಿ ತನ್ನದೇ ಕುಲುಮೆ ಕಟ್ಟಿದವನು. ನಮ್ಮ ಸಣ್ಣ ಕತ್ತಿನ ಬಾಟಲಿಯ ಮೇಲೆ ಅವನಿಗೆ ಮೊದಲಿನಿಂದಲೂ ಕಣ್ಣು.

ನಿನ್ನ ಅಕ್ಕ


ಜುಲೈ 6

ಅಕ್ಕಾ,

ನಿನ್ನ ಕಾಗದ ಹೇಸರಗತ್ತೆಯ ಬೆವರಿನ ವಾಸನೆಯ ಜೊತೆ ಬಂತು. ಮೊದಲ ಸಾಲು ಓದಿ ಉಸಿರುಬಿಟ್ಟೆ. ಅಪ್ಪ ಕಲಿಸಿದ ಪಾಠ ನೋಡು, ಅಮ್ಮ ಆಸ್ಪತ್ರೆ ಸೇರಿದ ಸುದ್ದಿ ಬರೆದಾಗಲೂ ಅವರ ಕಾಗದ ಶುರುವಾದದ್ದು ‘ಕುಲುಮೆ ಕ್ಷೇಮ’ ಎಂದೇ. ಅಮ್ಮ ಹುಷಾರಾಗಿ ಬಂದ ಮೇಲೆ ಆ ಕಾಗದ ತೋರಿಸಿ ಅಪ್ಪನನ್ನು ತಿಂಗಳುಗಟ್ಟಲೆ ಛೇಡಿಸಿದ್ದು ನೆನಪಿದೆಯಲ್ಲ.

ಖರೀದಿಯಮ್ಮನ ಹತ್ತಿರ ಹೋಗಿದ್ದೆ. ಅವರ ಕೋಣೆಯಲ್ಲಿ ಕೂರಲು ಒಂದೇ ಕುರ್ಚಿ, ಅದರ ಮೇಲೂ ಔಷಧದ ಡಬ್ಬಿಗಳು. ನಿಂತೇ ಮಾತಾಡಿದೆ.

“ನಿಮ್ಮ ಕುಲುಮೆ ಹೇಗಿದೆ?” ಅಂದರು.

“ಕ್ಷೇಮ ಮೇಡಂ.”

“ಅಕ್ಕ?”

“ಅವರ ವಿಷಯ ಎರಡನೇ ಸಾಲಲ್ಲಿ ಬರುತ್ತೆ ಮೇಡಂ.”

ನಗಲಿಲ್ಲ. “ಮಕ್ಕಳ ಜ್ವರದ ಸಿರಪ್ ಕಾಯಿಸಿ ಇಟ್ಟಿದ್ದೀನಿ. ಬಾಟಲಿ ಬರದೇ ಇದ್ರೆ ಏನ್ಮಾಡ್ಲಿ, ಬೊಗಸೆಯಲ್ಲಿ ಹಂಚ್ಲಾ? ನಿಮ್ಮದು ನಿಂತ್ರೆ ಇನ್ನೊಂದು ದಾರಿ ಏನು ಹೇಳಿ.”

“ನಮ್ಮದು ನಿಲ್ಲೋದಿಲ್ಲ ಮೇಡಂ.”

“ಆ ರಸ್ತೆ ಕಟ್ಟಿದವರೂ ಹಾಗೇ ಅಂದುಕೊಂಡಿದ್ರೇನೋ,” ಅಂದರು.

ನನಗೆ ರೋಷ ಬಂತು. ಆಗಸ್ಟ್ ಮುಗಿಯುವುದರೊಳಗೆ ಪೂರ್ತಿ ಸರಕು ಬಾಗಿಲಿಗೆ ಬರುತ್ತದೆ ಎಂದು ಮಾತು ಕೊಟ್ಟು ಬಂದಿದ್ದೇನೆ. ಕುಲುಮೆ ಉರಿಯುತ್ತಿರುವಾಗ ನನಗೇನು ಭಯ? ರಸ್ತೆಯೂ ಅಷ್ಟರಲ್ಲಿ ತೆರೆದೀತು ಅನ್ನುತ್ತಾರೆ.

ತಿಕ್ಕಿಸಲು ಕಳಿಸಿದ್ದ ನಮ್ಮ ಬಾಟಲಿಯ ಎರಡನೇ ಜೊತೆ ಅಚ್ಚುಗಳು ಲೇತ್ ಅಂಗಡಿಯಿಂದ ಬಂದಿವೆ. ನನ್ನ ಮಂಚದ ಕೆಳಗೆ ಇಟ್ಟುಕೊಂಡಿದ್ದೇನೆ. ಎಣ್ಣೆ ಎಷ್ಟಿದೆ ಅಂತ ನೀನು ಬರೆಯಲಿಲ್ಲ.

ನಿನ್ನ ತಮ್ಮ


ಜುಲೈ 19

ತಮ್ಮಾ,

ಕುಲುಮೆ ಕ್ಷೇಮ. ನಾವೂ ಕ್ಷೇಮ.

ಉರಿ ತಗ್ಗಿಸಿದ್ದೇವೆ. ಊದುವುದನ್ನು ನಿಲ್ಲಿಸಿ, ಗಾಜು ಬರೀ ಕರಗಿ ನಿಲ್ಲುವಷ್ಟು ಶಾಖ ಕೊಡುತ್ತಿದ್ದೇವೆ. ಹುಷಾರಿಲ್ಲದವರಿಗೆ ಗಂಜಿ ಕುಡಿಸಿದ ಹಾಗೆ. ಗುಡ್ಡದ ಈಚೆ ಸಿಕ್ಕಿಹಾಕಿಕೊಂಡ ಲಾರಿಯವರ ಹತ್ತಿರ ನಿನ್ನ ಭಾವ ಎಂಜಿನಿನ ಹಳೆಯ ಎಣ್ಣೆ ಬೇಡಿ ತಂದರು. ಅದನ್ನು ಹಾಕಿದ ದಿನ ಚಿಮಣಿಯಿಂದ ಬಂದ ಹೊಗೆಗೆ ಊರಿನ ಬಟ್ಟೆಯೆಲ್ಲ ಕಪ್ಪಾಗಿ, ಹೆಂಗಸರು ಬಾಗಿಲಿಗೆ ಬಂದರು. ಬುರುಡೆ ಅಣ್ಣ ಮುಂದೆ ಹೋಗಿ ನಿಂತ. ನಮ್ಮಲ್ಲಿ ಎಲ್ಲರಿಗಿಂತ ಹಳೆಯ ಊದುಗಾರ ಅವನು, ಗಾಜಿನ ಬುರುಡೆಯನ್ನೂ ಬಾಯಿಮಾತಿನ ಬುರುಡೆಯನ್ನೂ ಒಂದೇ ಉಸಿರಿನಲ್ಲಿ ಬಿಡುವವನು.

“ತಾಯಂದಿರಾ, ಇದು ಸೊಳ್ಳೆ ಓಡಿಸೋ ಹೊಗೆ. ಬೇರೆ ಊರಲ್ಲಿ ಇದಕ್ಕೆ ದುಡ್ಡು ಕೊಡ್ತಾರೆ,” ಅಂದ.

“ಹಾಗಾದ್ರೆ ನಿನ್ನ ಅಂಗೀನ ಮೊದಲು ಒಣಹಾಕು,” ಅಂದಳು ಒಬ್ಬಳು. ಒಣಹಾಕಿದ. ಸಂಜೆಗೆ ಅದೇ ಕರಿ ಅಂಗಿ ತೊಟ್ಟು ಬಂದ.

ಹೇಸರಗತ್ತೆಯ ಮೇಲೆ ಬಾಟಲಿ ಕಳಿಸಿದ್ದು ನಿನಗೆ ಮುಟ್ಟಿರಬೇಕು. ಮುಟ್ಟಿದ್ದರಲ್ಲಿ ಎಷ್ಟು ಬಾಟಲಿ, ಎಷ್ಟು ಚೂರು ಅಂತ ಬರೆ. ಆ ದಾರಿಯಲ್ಲಿ ಗಾಜು ಸಾಗಿಸುವುದು ಅಂದರೆ ಮೊಟ್ಟೆ ಹೊತ್ತು ಕುಣಿದ ಹಾಗೆ. ಬರುವಾಗ ಅವನ ಕೈಲಿ ಎಣ್ಣೆಯ ಡಬ್ಬ ಕಳಿಸು. ಆದಷ್ಟು ಕಳಿಸು.

ನಿನ್ನ ಅಕ್ಕ


ಜುಲೈ 30

ಅಕ್ಕಾ,

ಅರ್ಧ ಬಾಟಲಿ, ಅರ್ಧ ಚೂರು. ಉಳಿದಿದ್ದ ಅರ್ಧವನ್ನು ಖರೀದಿಯಮ್ಮನಿಗೆ ಕೊಟ್ಟೆ. “ಇದು ಒಂದು ಆಸ್ಪತ್ರೆಗೆ ಒಂದು ವಾರಕ್ಕೂ ಸಾಲಲ್ಲ,” ಅಂದರು. ಬೈದಿದ್ದರೆ ಚೆನ್ನಾಗಿತ್ತು, ಮೆತ್ತಗೆ ಅಂದರು.

ಎಣ್ಣೆಯ ಡಬ್ಬಗಳನ್ನು ಕಳಿಸುತ್ತಿದ್ದೇನೆ. ಪ್ರಾಣಿಗೆ ಎರಡೇ ಡಬ್ಬ. ಹೆಚ್ಚು ಹೇರಿದರೆ ಅದು ಅಲ್ಲೇ ಮಲಗಿಬಿಡುತ್ತದಂತೆ, ಮಲಗಿ ನನ್ನನ್ನೇ ನೋಡಿತು ಕೂಡ.

ಈಗ ನೀನು ಬೈಯುವ ವಿಷಯ. ಮೀಸೆಯ ಅಂಗಳಕ್ಕೆ ನಾನು ಹೋಗಲಿಲ್ಲ, ಅವನೇ ನಮ್ಮ ಬಾಟಲಿ ಮಾರುವ ನನ್ನ ಅಂಗಡಿಗೆ ಬಂದ. ಬಾಗಿಲಲ್ಲಿ ನಿಂತು ಮೀಸೆ ನೀವಿಕೊಂಡು, “ಏನಪ್ಪಾ, ದೊಡ್ಡ ಮನೆಯವರ ಒಲೆ ಉರೀತಾ ಇದೆಯಾ?” ಅಂದ.

“ನಿಮ್ಮ ಹೊಟ್ಟೆಗಿಂತ ಚೆನ್ನಾಗಿ ಉರೀತಾ ಇದೆ,” ಅಂದೆ.

ಸಿಟ್ಟಾಗಲಿಲ್ಲ. ಮೂಟೆಯ ಮೇಲೆ ಕೂತ. “ನೋಡು, ಅಚ್ಚು ಒಂದು ಜೊತೆ ನಿನ್ನ ಹತ್ರ ಇದೆ ಅಂತ ಲೇತ್ ಅಂಗಡಿಯವನು ಹೇಳಿದ. ನನ್ನ ಕುಲುಮೆಯಲ್ಲಿ ಜಾಗ ಇದೆ. ಕೊಡು, ನಿಮ್ಮ ಹೆಸರಲ್ಲೇ ಊದಿಸಿ ಕೊಡ್ತೀನಿ. ಆಮೇಲೆ ಅಚ್ಚು ವಾಪಸ್.”

“ಅಕ್ಕ ಒಪ್ಪಲ್ಲ.”

“ನಿಮ್ಮಕ್ಕ ಒಪ್ಪಲ್ಲ ಅಂತ ನಂಗೆ ಗೊತ್ತು. ನಿನ್ನನ್ನ ಕೇಳ್ತಾ ಇದ್ದೀನಿ.”

ಕೊಡಲಿಲ್ಲ ಅಕ್ಕ. ಆದರೆ ಅವನು ಹೋದ ಮೇಲೆ ಮಂಚದ ಕೆಳಗೆ ಬಗ್ಗಿ ಅಚ್ಚುಗಳನ್ನು ನೋಡಿದೆ. ಸುಮ್ಮನೆ ಬಿದ್ದಿರುವ ಕಬ್ಬಿಣ. ನಿನ್ನ ಒಂದು ಮಾತು ಬೇಕು. ಎಣ್ಣೆ ಎಷ್ಟಿದೆ?

ನಿನ್ನ ತಮ್ಮ


ಆಗಸ್ಟ್ 8

ತಮ್ಮಾ,

ಕುಲುಮೆ ಕ್ಷೇಮ. ನಾವೂ ಕ್ಷೇಮ.

ಡಬ್ಬಗಳು ಬಂದವು. ಹೇಸರಗತ್ತೆಯವನು ಕೂತು ಬೆವರು ಒರೆಸಿಕೊಂಡು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಕುಲುಮೆ ಅವೆರಡನ್ನೂ ಕುಡಿದು ಮುಗಿಸಿತು.

ಮೀಸೆಯ ಮಾತು ಇನ್ನೊಮ್ಮೆ ಬರೆಯಬೇಡ.

ನಿನ್ನ ಅಕ್ಕ


ಆಗಸ್ಟ್ 10

ತಮ್ಮಾ,

ಮೊದಲಿನ ಆ ಎರಡು ಪದ ಎಲ್ಲಿ ಅಂತ ಕಾಗದ ತಿರುಗಿಸಿ ನೋಡಬೇಡ. ಹಿಂದೆಯೂ ಇಲ್ಲ.

ಮೊನ್ನೆ ನಿನ್ನ ಕಾಗದವನ್ನು ಹೇಸರಗತ್ತೆಯವನ ಕೈಗೆ ಕೊಟ್ಟು (ಅವನು ಇನ್ನೂ ಹೊರಟಿಲ್ಲ, ಎರಡೂ ಒಟ್ಟಿಗೆ ಬರುತ್ತವೆ) ಬಂದರೆ, ನಿನ್ನ ಭಾವ ಎಣ್ಣೆಯ ತೊಟ್ಟಿಗೆ ಅಳತೆಯ ಕೋಲು ಇಳಿಸಿ, ಎತ್ತಿ ನೋಡಿ, ಒರೆಸಿ, ಮತ್ತೆ ಇಳಿಸುತ್ತಿದ್ದರು.

“ನೋಡಿದಷ್ಟೂ ಹೆಚ್ಚಾಗುತ್ತಾ ಅದು?” ಅಂದೆ.

“ತಮ್ಮನಿಗೆ ಏನಂತ ಬರೆದೆ?”

“ಏನಂತ ಬರೀತೀನಿ? ಕ್ಷೇಮ ಅಂತ.”

“ಯಾವತ್ತಿನ ತನಕ ಕ್ಷೇಮ ಅಂತ ಬರೆದ್ಯಾ?”

ಅಪ್ಪನ ಮಾತನ್ನು ಉಳಿಸುತ್ತಿದ್ದೇನೆ ಅಂದುಕೊಂಡು, ನಿನಗೆ ಪ್ರತಿ ಕಾಗದದಲ್ಲೂ ಒಂದೊಂದು ಸುಳ್ಳು ಕಳಿಸುತ್ತಿದ್ದೆ. ಬೆಂಕಿಯೇನೋ ಉರಿಯುತ್ತಿತ್ತು. ಅದಕ್ಕಿಂತ ಆಚೆ ನಾನೇ ನೋಡಲಿಲ್ಲ, ನಿನಗೂ ತೋರಿಸಲಿಲ್ಲ. ಗುಡ್ಡ ಬಿದ್ದ ದಿನವೇ ತೊಟ್ಟಿ ಅರ್ಧ ಖಾಲಿ ಇತ್ತು. ಈಗ ಕೋಲಿನ ಕೆಳಗಿನ ಗೇಣು ಮಾತ್ರ ಒದ್ದೆಯಾಗುತ್ತದೆ.

ಸರಿಯಾಗಿ ಕೇಳಿಸಿಕೋ. ಈ ಕುಲುಮೆಯನ್ನು ಸಾಯಿಸದೆ ಆರಿಸಬೇಕಾದರೂ ಎಣ್ಣೆ ಬೇಕು. ಮೊದಲು ಒಳಗಿನ ಗಾಜನ್ನೆಲ್ಲ ಹೊರಗೆ ಹರಿಸಬೇಕು. ಆಮೇಲೆ ಉರಿಯನ್ನು ದಿನದಿನಕ್ಕೆ ಚೂರುಚೂರೇ ತಗ್ಗಿಸುತ್ತ ಇಟ್ಟಿಗೆಗಳನ್ನು ತಣಿಸಬೇಕು. ಒಮ್ಮೆಲೇ ತಣಿದರೆ ಮೇಲಿನ ಕಮಾನು ಉದುರುತ್ತದೆ. ಅದಕ್ಕೆ ಬೇಕಾಗುವಷ್ಟು ಎಣ್ಣೆ, ಅದರ ಮೇಲೆ ಇನ್ನೊಂದಿಷ್ಟು, ಅಷ್ಟೇ ಈಗ ಇರುವುದು. ಈ ಇನ್ನೊಂದಿಷ್ಟನ್ನು ಸುಟ್ಟು ರಸ್ತೆಗೆ ಕಾಯಬಹುದು. ರಸ್ತೆ ತೆರೆದರೆ ಎಲ್ಲ ಉಳಿಯುತ್ತದೆ. ತೆರೆಯದಿದ್ದರೆ ಆರಿಸುವುದಕ್ಕೂ ಎಣ್ಣೆ ಇರುವುದಿಲ್ಲ, ಎಲ್ಲ ಹೋಗುತ್ತದೆ.

ರಸ್ತೆ ಯಾವಾಗ ಅಂತ ಕೆಳಗೆ ಏನನ್ನುತ್ತಾರೆ? ನಿಜ ಬರೆ. ನಾನು ಬರೆದ ಹಾಗೆ ಬರೆಯಬೇಡ.

ನಿನ್ನ ಅಕ್ಕ


ಆಗಸ್ಟ್ 15

ಅಕ್ಕಾ,

ಏನು ಮಾಡಿಬಿಟ್ಟೆ! ನಿನ್ನ ಆ ಎರಡು ಪದ ನಂಬಿಕೊಂಡು ನಾನು ಊರ ತುಂಬ ಎದೆಯುಬ್ಬಿಸಿ ಓಡಾಡಿದೆ. ಅವನ್ನೇ ನಂಬಿ ಖರೀದಿಯಮ್ಮನಿಗೆ ಆಗಸ್ಟ್ ಅಂದೆ. ಅವನ್ನೇ ನಂಬಿ ಮೀಸೆಯನ್ನು ಬಾಗಿಲಿನಿಂದ ಕಳಿಸಿದೆ. ಜೂನಿನಲ್ಲೇ ಅರ್ಧ ತೊಟ್ಟಿ ಅಂದಿದ್ದರೆ ಆಗಲೇ ಏನಾದರೂ ಮಾಡುತ್ತಿದ್ದೆ. ಅಪ್ಪ ಇದ್ದಾಗ ರಸ್ತೆ ಕಡಿದಿರಲಿಲ್ಲ ಅಕ್ಕ, ಅವರಿಗೆ ಆ ಮಾತು ಸಾಕಿತ್ತು. ಎಲ್ಲಾದರೂ ಅಕ್ಷರ ಓದಲು ಬರದಿದ್ದರೆ ಬೈಗುಳ ಅಂದುಕೋ.

ರಸ್ತೆಯ ವಿಷಯ. ಎಂಜಿನಿಯರ್ ಹತ್ತಿರ ಹೋದೆ. ಮಣ್ಣು ತೆಗೆದಷ್ಟೂ ಮೇಲಿನಿಂದ ಇಳಿಯುತ್ತಿದೆ. “ತಿಂಗಳ ಕೊನೆಗೆ ಬಿಡ್ಬಹುದು, ಬಿಡದೇನೂ ಇರ್ಬಹುದು,” ಅಂದ. ಅದಕ್ಕೆ ಓದಿದವರೇ ಬೇಕಾಗಿತ್ತಾ? ಇದಕ್ಕಿಂತ ನಿಜ ನನ್ನ ಹತ್ತಿರ ಇಲ್ಲ. ಕುಲುಮೆ ಆರಿಸು ಅಂತ ನಾನು ಬರೆಯಲಾರೆ. ಬೇಡ ಅಂತಲೂ ಬರೆಯಲಾರೆ. ಅದರ ಎದುರು ನಿಂತಿರುವವಳು ನೀನು.

ನಾನು ನನ್ನ ಕಡೆಯದನ್ನು ಮಾಡಿದೆ. ಖರೀದಿಯಮ್ಮನಿಗೆ ಎಲ್ಲ ಹೇಳಿದೆ. ಕುರ್ಚಿಯ ಮೇಲಿನ ಡಬ್ಬಿ ತೆಗೆದು, “ಕೂತ್ಕೊಳ್ಳಿ” ಅಂದರು, ಅದನ್ನು ಕೇಳಿ ಇನ್ನೂ ಹೆದರಿಕೆ ಆಯಿತು. ಈ ತಿಂಗಳೊಳಗೆ ಬಾಟಲಿ ಹರಿದು ಬರಲು ಶುರುವಾಗದಿದ್ದರೆ ಬೇರೆ ಆಕಾರದ ಬಾಟಲಿಗೆ, ಬೇರೆಯವರಿಗೆ ಹೋಗುತ್ತಾರೆ. ಹೋದವರು ಮತ್ತೆ ಬರುವುದಿಲ್ಲ. ಆಫೀಸಿನಿಂದ ಸೀದಾ ಮನೆಗೆ ಬಂದು ಮಂಚದ ಕೆಳಗಿನ ಅಚ್ಚುಗಳನ್ನು ಕೈಗಾಡಿಗೆ ಹಾಕಿಕೊಂಡು ಮೀಸೆಯ ಅಂಗಳಕ್ಕೆ ತಳ್ಳಿಕೊಂಡು ಹೋದೆ. ನಿನ್ನನ್ನು ಕೇಳಲಿಲ್ಲ. ಕೇಳಿದ್ದರೆ ಉತ್ತರ ಬರುವುದರೊಳಗೆ ಎಲ್ಲ ಮುಗಿದಿರುತ್ತಿತ್ತು.

ಮೀಸೆಯ ಹುಡುಗರಿಗೆ ನಮ್ಮ ಕತ್ತು ಊದಲು ಬರುವುದಿಲ್ಲ. ಬುರುಡೆ ಅಣ್ಣನನ್ನೂ ಅವನ ಜೊತೆಯವರನ್ನೂ ಕಳಿಸಿಕೊಡು.

ನಿನ್ನ ತಮ್ಮ


ಆಗಸ್ಟ್ 24

ತಮ್ಮಾ,

ನಿನ್ನ ಕಾಗದ ಬಂದಾಗ ಗಾಜು ಅರ್ಧ ಹರಿದಿತ್ತು.

ನಿನ್ನ ಉತ್ತರಕ್ಕೆ ಕಾಯಲಿಲ್ಲ. ಒಂದು ಬೆಳಿಗ್ಗೆ ಕೋಲು ಎತ್ತಿ ನೋಡಿದ ನಿನ್ನ ಭಾವ ಅದನ್ನು ನನ್ನ ಕೈಗೆ ಕೊಟ್ಟರು. ಹೊರಗೆ ಬಂದು ಗುಡ್ಡದ ಕಡೆ ನೋಡಿದೆ. ಮಳೆ ಬರುವ ಹಾಗಿತ್ತು. ಒಳಗೆ ಹೋಗಿ, “ತೆಗೀರಿ” ಅಂದೆ.

ಕುಲುಮೆಯ ತಳದಲ್ಲಿ ಅಪ್ಪ ಒಂದು ತೂತು ಇಡಿಸಿ ಮುಚ್ಚಿಸಿದ್ದರಲ್ಲ, ಅದನ್ನು ಇದುವರೆಗೆ ಯಾರೂ ತೆರೆದಿರಲಿಲ್ಲ. ಬುರುಡೆ ಅಣ್ಣ ಕಬ್ಬಿಣದ ಸಲಾಕೆ ಹಿಡಿದು ಎದುರು ನಿಂತ. ಹೊಡೆಯಲೇ ಇಲ್ಲ.

“ಏನಣ್ಣ?”

“ಸಲಾಕೆ ಭಾರ ಇದೆ,” ಅಂದ. ಅವನ ಕೈಗೆ ಅದು ಒಂದು ಕಡ್ಡಿ. ನಾನು ಹೋಗಿ ಹಿಡಿದುಕೊಂಡೆ, ಇಬ್ಬರೂ ಸೇರಿ ಹೊಡೆದೆವು. ಮೊದಲು ಏನೂ ಆಗಲಿಲ್ಲ. ಆಮೇಲೆ ಗಾಜು ಜೇನಿನ ಹಾಗೆ, ಅವಸರವೇ ಇಲ್ಲದ ಹಾಗೆ ಇಳಿಯತೊಡಗಿತು. ಕೆಳಗಿನ ನೀರಿನ ತೊಟ್ಟಿಗೆ ಬೀಳುತ್ತಲೇ ಸಿಡಿದು ಚೂರಾಗುತ್ತಿತ್ತು. ಆ ಸದ್ದಿನ ನಡುವೆಯೇ ಹೇಸರಗತ್ತೆಯವನು ನಿನ್ನ ಕಾಗದ ತಂದ. ಅಚ್ಚಿನ ಮಾತು ಓದಿ ಕಾಗದವನ್ನು ಧಾರೆಗೆ ಎಸೆಯಬೇಕು ಅನ್ನಿಸಿತು.

“ಏನಂತೆ?” ಅಂದ ಬುರುಡೆ ಅಣ್ಣ.

“ಅಚ್ಚು ತಗೊಂಡು ಹೋಗಿ ಮೀಸೆಗೆ ಕೊಟ್ಟಿದ್ದಾನಂತೆ.”

ಅವನು ಬೈಯುತ್ತಾನೆ ಅಂದುಕೊಂಡೆ. “ಹಾಗಾದ್ರೆ ಬೇಗ ಹೋಗ್ಬೇಕಲ್ಲ,” ಅಂದ. “ಅವನ ಹುಡುಗರು ಆ ಕತ್ತು ಊದೋಕೆ ಹೋದ್ರೆ ಬಾಟಲಿ ಬದಲು ಬದನೆಕಾಯಿ ಬರುತ್ತೆ.”

ಮಾರನೆಯ ದಿನ ಊದುಕೊಳವೆಗಳನ್ನು ಹೆಗಲ ಮೇಲಿಟ್ಟುಕೊಂಡು ಗುಡ್ಡ ಹತ್ತಿದರು. ಹೇಸರಗತ್ತೆ ಮುಂದೆ, ಇವರು ಹಿಂದೆ. ಅವರು ಕಣ್ಮರೆಯಾಗುವವರೆಗೆ ನಾನು ನೋಡುತ್ತ ನಿಲ್ಲಲಿಲ್ಲ. ಒಳಗೆ ಕೆಲಸವಿತ್ತು.

ಈಗ ತಣಿಸುತ್ತಿದ್ದೇವೆ. ಕಮಾನು ತಣಿದ ಹಾಗೆ ಕುಗ್ಗುತ್ತದೆ, ಕುಗ್ಗಿದ ಹಾಗೆ ಅದನ್ನು ಹಿಡಿದ ಕಬ್ಬಿಣದ ಸರಳುಗಳ ತಿರುಪು ಬಿಗಿ ಮಾಡುತ್ತ ಹೋಗಬೇಕು. ಹೆಚ್ಚು ಬಿಗಿದರೆ ಇಟ್ಟಿಗೆ ಪುಡಿ, ಕಡಿಮೆಯಾದರೆ ಕಮಾನು ನೆಲಕ್ಕೆ. ನಿನ್ನ ಭಾವ ಸರಳಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿ ನಿಲ್ಲುತ್ತಾರೆ, ಆಮೇಲೆ ತಿರುಪನ್ನು ಒಂದಿಷ್ಟೇ ತಿರುಗಿಸುತ್ತಾರೆ. ಒಳಗೆ ಎಲ್ಲಾದರೂ ಇಟ್ಟಿಗೆ ‘ಟಕ್’ ಅಂದರೆ ಇಬ್ಬರೂ ಗೋಡೆಗೆ ಕಿವಿಕೊಡುತ್ತೇವೆ. ಈ ಕಾಗದ ಬರೆಯುತ್ತಿರುವಾಗಲೇ ಒಂದು ಸಲ ಅಂದಿತು. ಏನು ಬಿದ್ದಿತೋ, ಏನು ಉಳಿದಿದೆಯೋ, ಪೂರ್ತಿ ತಣಿಯುವವರೆಗೆ ಗೊತ್ತಾಗುವುದಿಲ್ಲ.

ಅಚ್ಚಿನ ವಿಷಯಕ್ಕೆ ನಿನ್ನನ್ನು ಆಮೇಲೆ ಬೈಯುತ್ತೇನೆ.

ನಿನ್ನ ಅಕ್ಕ


ಸೆಪ್ಟೆಂಬರ್ 7

ಅಕ್ಕಾ,

ಬುರುಡೆ ಅಣ್ಣನೂ ಅವನ ಜೊತೆಯವರೂ ಮಣ್ಣಿನ ಗೊಂಬೆಗಳ ಹಾಗೆ ಬಂದು ಇಳಿದರು. ಮೀಸೆ ಬಾಗಿಲಲ್ಲೇ ನಿಂತಿದ್ದ. ಬುರುಡೆ ಅಣ್ಣನೂ ಅವನೂ ಒಂದೇ ಕಾಲದಲ್ಲಿ ಅಪ್ಪನ ಹತ್ತಿರ ಕಲಿತವರಲ್ಲ, ಒಬ್ಬರನ್ನೊಬ್ಬರು ಮೇಲಿನಿಂದ ಕೆಳಗಿನವರೆಗೆ ನೋಡಿಕೊಂಡರು.

“ಮುದುಕ ಆಗಿದ್ದೀಯ,” ಅಂದ ಮೀಸೆ.

“ನಿನ್ನ ಮೀಸೆಗೆ ಬಣ್ಣ ಹಾಕಿದ್ದೀಯ,” ಅಂದ ಬುರುಡೆ ಅಣ್ಣ. ಅಲ್ಲಿಗೆ ಕುಶಲ ಪ್ರಶ್ನೆ ಮುಗಿಯಿತು.

ಮೊದಲ ದಿನ ಊದಿದ ಬಾಟಲಿಗಳೆಲ್ಲ ಕತ್ತಿನಲ್ಲಿ ಸೀಳು ಬಿಟ್ಟವು. ಮೀಸೆಯ ಗಾಜು ನಮ್ಮದಕ್ಕಿಂತ ಬೇಗ ಗಟ್ಟಿಯಾಗುತ್ತದೆ. ಅಚ್ಚು ಮುಚ್ಚುವುದರೊಳಗೆ ಕತ್ತು ಬಿಗಿದುಕೊಳ್ಳುತ್ತದೆ. ತಿಂಗಳು ಮುಗಿಯುತ್ತ ಬಂದಿತ್ತು. ಒಡೆದದ್ದನ್ನು ಮತ್ತೆ ಕುಲುಮೆಗೆ ಹಾಕುವ ಸದ್ದು ಕೇಳಿದಾಗಲೆಲ್ಲ ನಾನು ಉಳಿದ ದಿನಗಳನ್ನು ಬೆರಳಲ್ಲಿ ಎಣಿಸುತ್ತಿದ್ದೆ. ಮೀಸೆ ಕೂತು ನೋಡುತ್ತಿದ್ದ. ಕೊನೆಗೆ ಎದ್ದು ಬಂದು ತನ್ನ ಮರಳು ಬೆರೆಸುವವನನ್ನು ಕರೆದು, “ಇವರಿಗೆ ಬೇಕಾದ ಹಾಗೆ ಬೆರೆಸು. ನಮ್ಮ ಬಾಟಲಿ ನಾಳೆ ನೋಡ್ಕೊಳ್ಳೋಣ,” ಅಂದ. ತನ್ನ ಸರಕು ನಿಲ್ಲಿಸಿ ನಮಗೆ ಗಾಜು ಬದಲಿಸಿಕೊಟ್ಟ ಅಕ್ಕ. ನಾನು ಕಣ್ಣಾರೆ ಕಂಡದ್ದು ಇದು.

ನನ್ನನ್ನು ಪಕ್ಕಕ್ಕೆ ಕರೆದು, “ನಿಮ್ಮಕ್ಕ ಅಳ್ತಾ ಇದ್ದಾಳಾ?” ಅಂದ.

“ಬೈತಾ ಇದ್ದಾಳೆ.”

“ಹಾಗಾದ್ರೆ ಪರವಾಗಿಲ್ಲ.”

ಖರೀದಿಯಮ್ಮ ತಾವೇ ಬಂದು ಒಂದು ಬಾಟಲಿಗೆ ನೀರು ತುಂಬಿ, ಮುಚ್ಚಳ ಹಾಕಿ, ತಲೆಕೆಳಗು ಹಿಡಿದು ಬಹಳ ಹೊತ್ತು ನಿಂತರು. ಒಂದು ಹನಿ ಬೀಳಲಿಲ್ಲ. ಸರಕು ತೆಗೆದುಕೊಂಡರು. ನಾನು ಧನ್ಯವಾದ ಹೇಳಲು ಬಾಯಿ ತೆರೆದರೆ ಕೈ ಅಡ್ಡ ಹಿಡಿದರು. “ಒಂದೇ ಕುಲುಮೆ ನಂಬ್ಕೊಂಡು ನಾನು ಇನ್ನು ಕೂರಲ್ಲ. ಅದು ನನ್ನ ತಪ್ಪೂ ಹೌದು. ಮುಂದೆ ಅರ್ಧ ನಿಮ್ಮ ಅಕ್ಕನಿಗೆ, ಅರ್ಧ ಇಲ್ಲಿಗೆ. ಎರಡೂ ಕಡೆ ಒಂದೇ ಅಚ್ಚು. ಒಪ್ಪೋದಾದ್ರೆ ಒಪ್ಪಿ.”

ನಿನ್ನ ಕುಲುಮೆ ಮತ್ತೆ ಏಳುತ್ತದೋ ಇಲ್ಲವೋ ಗೊತ್ತಿಲ್ಲದೆ ನಾನು ಒಪ್ಪಿ ಬಂದೆ. ಎರಡನೆಯ ಸಲ ನಿನ್ನನ್ನು ಕೇಳದೆ.

ರಸ್ತೆ ಈ ಎರಡನೇ ತಾರೀಕು ತೆರೆಯಿತು. ನಿನಗೆ ಆಗಲೇ ಗೊತ್ತಿರುತ್ತದೆ. ಅದರ ಬಗ್ಗೆ ಏನು ಬರೆಯಬೇಕೋ ನನಗೆ ಹೊಳೆಯುತ್ತಿಲ್ಲ.

ನಿನ್ನ ತಮ್ಮ


ಸೆಪ್ಟೆಂಬರ್ 21

ತಮ್ಮಾ,

ಗೊತ್ತಿದೆ. ಮೊದಲ ಲಾರಿಯೇ ಎಣ್ಣೆಯದು. ಹಾರ್ನ್ ಹೊಡೆದುಕೊಂಡು ಬಂತು. ಚಾಲಕ ಇಳಿದು, “ಎಲ್ಲಿ ಸುರೀಲಿ ಅಕ್ಕಾ?” ಅಂದ. ತಣ್ಣಗಿನ ಕುಲುಮೆಯ ಎದುರು ನಿಂತು ಅವನಿಗೆ ಜಾಗ ತೋರಿಸಿದೆ.

ಊರಿನವರು ಸುಮ್ಮನಿರುತ್ತಾರೆಯೇ? “ಇನ್ನು ಸ್ವಲ್ಪ ತಡೆದಿದ್ರೆ ಆಗ್ತಿತ್ತು ಅಲ್ವಾ,” ಅನ್ನುತ್ತಾರೆ. ಮರುಕದ ಮುಖ ಮಾಡಿಕೊಂಡು, ನನ್ನ ಮುಖ ಹೇಗಾಗುತ್ತದೆ ಅಂತ ನೋಡುತ್ತಾರೆ. ನಿನ್ನ ಭಾವನನ್ನು ಕೇಳಿದೆ, ಕಾದಿದ್ದರೆ ಎಣ್ಣೆ ಆ ದಿನದವರೆಗೆ ಬರುತ್ತಿತ್ತೇ ಎಂದು.

“ಬರ್ತಿತ್ತೇನೋ. ಒಂದು ದಿನ ಮೊದಲೇ ಮುಗೀತಿತ್ತೇನೋ,” ಅಂದರು. “ಆ ಲೆಕ್ಕ ಹಾಕೋಕೆ ನನ್ನ ಕೈಲಿ ಆಗಲ್ಲ. ನೀನೂ ಹಾಕ್ಬೇಡ.”

ಹಾಕುತ್ತೇನೆ. ಅನ್ನ ಕಲಸುವಾಗ ಹಾಕುತ್ತೇನೆ, ತಲೆ ಬಾಚುವಾಗ ಹಾಕುತ್ತೇನೆ. ಪ್ರತಿ ಸಲವೂ ಕೊನೆಗೆ ಆ ಬೆಳಿಗ್ಗೆಗೇ ಬಂದು ನಿಲ್ಲುತ್ತೇನೆ, ಕೈಲಿ ಕೋಲು, ಎದುರಿಗೆ ಮೋಡ. ಆ ಬೆಳಿಗ್ಗೆ ಮತ್ತೆ ಬಂದರೂ “ತೆಗೀರಿ” ಅಂತಲೇ ಅನ್ನುತ್ತೇನೆ. ಅದು ಸರಿಯೆಂದು ತೋರಿಸಿಕೊಡಲು ನನ್ನ ಹತ್ತಿರ ಏನೂ ಇಲ್ಲ.

ನಿನ್ನೆ ಕುಲುಮೆಯೊಳಗೆ ಹೋದೆ. ದೀಪ ಹಿಡಿದು, ಹೊಟ್ಟೆಯ ಮೇಲೆ ತೆವಳಿಕೊಂಡು. ಹುಟ್ಟಿದಾಗಿನಿಂದ ನೋಡಿದ ಬೆಂಕಿಯ ಮನೆಯ ಒಳಗನ್ನು ಮೊದಲ ಸಲ ನೋಡಿದೆ. ಗೋಡೆಗೆಲ್ಲ ಹಸಿರು ಗಾಜಿನ ಪೊರೆ, ಮುಟ್ಟಿದರೆ ನುಣುಪು. ದೀಪ ಮೇಲಕ್ಕೆತ್ತಲು ಬಹಳ ಹೊತ್ತು ಧೈರ್ಯ ಬರಲಿಲ್ಲ.

“ಏನು ಕಾಣ್ತಾ ಇದೆ?” ಅಂತ ಹೊರಗಿನಿಂದ ನಿನ್ನ ಭಾವ ಕೂಗುತ್ತಿದ್ದರು. “ಸತ್ಯ ಹೇಳು!”

ಎತ್ತಿದೆ. ಕಮಾನು ನಿಂತಿದೆ ತಮ್ಮಾ. ತಳದಲ್ಲಿ ಬಿರುಕು ಬಿಟ್ಟಿದೆ, ಒಂದು ಮೂಲೆಯ ಗೋಡೆ ಬಿಚ್ಚಿಕೊಂಡಿದೆ. ಆ ಇಟ್ಟಿಗೆಗಳನ್ನು ತೆಗೆದು ಹೊಸದು ಹಾಕಬೇಕು. ಬೆಂಕಿ ಇಟ್ಟಿಗೆ ಕಳಿಸು. ಈ ಸಲ ಇಬ್ಬರು ವ್ಯಾಪಾರಿಗಳಿಂದ ತೆಗೆದುಕೋ, ಒಬ್ಬನಿಂದಲೇ ಬೇಡ.

ಅರ್ಧದ ಮಾತು ನನಗೆ ಇನ್ನೂ ನುಂಗಲು ಆಗುತ್ತಿಲ್ಲ. ಒಪ್ಪಿ ಬಂದದ್ದು ತಪ್ಪು ಅಂತ ಬರೆಯಲು ಕೂತರೆ ಅದೂ ಬರೆಯಲು ಆಗುತ್ತಿಲ್ಲ.

ನಿನ್ನ ಅಕ್ಕ


ನವೆಂಬರ್ 16

ತಮ್ಮಾ,

ಇಟ್ಟಿಗೆ ಮುಟ್ಟಿದ ಮೇಲೆ ನಿನಗೆ ಎರಡಕ್ಷರ ಬರೆದಿಲ್ಲ. ಮಣ್ಣು ಮೆತ್ತಿದ ಕೈಯಲ್ಲಿ ಬರೆಯುವುದು ಹೇಗೆ ಅನ್ನುವುದು ನೆಪ. ಮೀಸೆಯ ಹೆಸರು ಬರೆಯದೆ ಕಾಗದ ಮುಗಿಸುವುದು ಹೇಗೆ ಅಂತ ತಿಳಿಯಲಿಲ್ಲ, ಅದು ನಿಜ.

ಸೋಮವಾರ ಹೊತ್ತಿಸಿದೆವು. ಈಗ ಕಮಾನು ಹಿಗ್ಗುವ ಕಾಲ, ನಿನ್ನ ಭಾವ ತಿರುಪುಗಳನ್ನು ಸಡಿಲ ಮಾಡುತ್ತ ಸುತ್ತುತ್ತಿದ್ದಾರೆ. ಕಾಯಿಸುವಾಗಲೂ ಅದೇ ಹೆದರಿಕೆ, ತಿರುಗಿಸುವ ದಿಕ್ಕು ಬೇರೆ. ಇವತ್ತು ಒಳಗೆ ಮಸುಕು ಕೆಂಪು. ಆವತ್ತು ಹರಿಸಿದ ಗಾಜಿನ ಚೂರನ್ನೇ ಮೊದಲು ಹಾಕುತ್ತೇವೆ, ಬೇಗ ಕರಗುತ್ತದೆ. ಎಣ್ಣೆಗೆ ಎರಡನೆಯ ತೊಟ್ಟಿ ಹೂಳಿಸಿದೆ. ಮೊದಲನೆಯದು ಅರ್ಧಕ್ಕೆ ಇಳಿದ ದಿನ ನಿನಗೆ ಸುದ್ದಿ ಬರುತ್ತದೆ, ನಾನು ಕ್ಷೇಮವಾಗಿರಲಿ ಬಿಡಲಿ.

ಊದುಗಾರರಲ್ಲಿ ಇಬ್ಬರು ಬರುವುದಿಲ್ಲವಂತೆ, ಸಮುದ್ರದ ಗಾಳಿ ಹಿಡಿಸಿದೆಯಂತೆ. ಹಿಡಿಸಲಿ. ನಮ್ಮ ಕತ್ತು ಊದಲು ಬಲ್ಲವರು ಆ ಕಡೆಯೂ ಇಬ್ಬರು ಇರುತ್ತಾರೆ. ಈ ಸಾಲನ್ನು ಬರೆಯಲು ನನಗೆ ಎಷ್ಟು ದಿನ ಬೇಕಾಯಿತು ನೋಡು.

ಈಗ ನೀನು ಅವನ ಅಂಗಳಕ್ಕೆ ಹೋಗಬೇಕು. ನಾನೇ ಹೇಳುತ್ತಿದ್ದೇನೆ. ಅವನ ಕಡೆ ಗುಡ್ಡ ಇಲ್ಲ, ಆದರೆ ಸಮುದ್ರ ಇದೆ. ಗೋಡೆಯಿಂದ ಕೂಗಳತೆಯಲ್ಲಿದೆ. ಅವನ ಅಚ್ಚುಗಳಲ್ಲಿ ಒಂದೊಂದು ಜೊತೆ ನನ್ನ ಗೋದಾಮಿನಲ್ಲಿ ಇರಲಿ. ಸಮುದ್ರದ ನೀರು ಒಳಗೆ ಬಂದರೆ ಅವನ ಜನ ಕೊಳವೆ ಹೊತ್ತು ಮೇಲೆ ಬರಲಿ, ಇಲ್ಲಿ ಜಾಗ ಇರುತ್ತದೆ. ಗಾಜನ್ನು ಅವರಿಗೆ ಬೇಕಾದ ಹಾಗೆ ಬೆರೆಸಿಕೊಡುತ್ತೇನೆ.

ಅವನು ಅಚ್ಚು ಕೊಡಲಿಕ್ಕಿಲ್ಲ. ಅವನೂ ಅಪ್ಪನ ಹತ್ತಿರವೇ ಕಲಿತವನು, ಅಚ್ಚು ಬಿಟ್ಟುಕೊಡುವುದು ನಮ್ಮಲ್ಲಿ ಯಾರಿಗೂ ಬರುವುದಿಲ್ಲ. ಆದರೂ ಕೇಳು.

ನಿನ್ನ ಅಕ್ಕ


ನವೆಂಬರ್ 25

ಅಕ್ಕಾ,

ನೀನು ಬರೆದದ್ದನ್ನು ಅವನ ಎದುರು ನಿಂತು ಓದಿದೆ. ಮುಗಿಯುವವರೆಗೆ ಮೀಸೆಯ ಮೇಲಿಂದ ಕೈ ತೆಗೆಯಲಿಲ್ಲ.

“ನನ್ನ ಕುಲುಮೆಗೆ ನೀರು ಬರ್ಲಿ ಅಂತ ಕಾಯ್ತಾ ಇದ್ದಾಳಾ ನಿಮ್ಮಕ್ಕ?” ಅಂದ.

“ಬಂದ್ರೆ ಅಂತ ಬರೆದಿದ್ದಾಳೆ.”

“ಬರಲ್ಲ ಅಂತ ಹೇಳು. ಇಷ್ಟು ವರ್ಷ ಬಂದಿಲ್ಲ.”

ನಾನು ಕಾಗದ ಮಡಿಸಿ ಜೇಬಿಗಿಟ್ಟೆ. ಆಚೆ ಅಲೆಯ ಸದ್ದು ಚೆನ್ನಾಗಿ ಕೇಳುತ್ತಿತ್ತು. “ಹೋಗು, ಕೆಲಸ ಇದೆ” ಅಂದ. ಬಂದುಬಿಟ್ಟೆ.

ಇವತ್ತು ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವಾಗ ಕೈಗಾಡಿ ಹಿಡಿದು ನಿಂತಿದ್ದ. ಯಾರನ್ನೂ ಕಳಿಸಿರಲಿಲ್ಲ, ತಾನೇ ತಳ್ಳಿಕೊಂಡು ಬಂದಿದ್ದ. ಒಂದೊಂದು ಅಚ್ಚನ್ನೂ ಒರೆಸಿ, ಎಣ್ಣೆ ಹಚ್ಚಿ, ಗೋಣಿಯಲ್ಲಿ ಸುತ್ತಿ ಹೊಲಿದಿದ್ದಾನೆ. ಹೊಲಿಗೆ ಅವನದೇ ಇರಬೇಕು, ಅಷ್ಟು ಕೆಟ್ಟದಾಗಿದೆ. ನಾನೂ ಅವನೂ ಸೇರಿ ಇಳಿಸಿಕೊಂಡೆವು. ಎಲ್ಲ ಇಳಿದವು. ಕೊನೆಯದೊಂದನ್ನು ಇಬ್ಬರೂ ಹಿಡಿದು ಎತ್ತಿದ್ದೆವು.

“ನಾನು ಹಿಡ್ಕೊಂಡಿದ್ದೀನಿ, ನೀವು ಬಿಡಿ,” ಅಂದೆ.

“ಗೊತ್ತು,” ಅಂದ. ಬಿಡಲು ಮಾತ್ರ ಸ್ವಲ್ಪ ಹೊತ್ತು ತೆಗೆದುಕೊಂಡ.

ನಾಳೆಯ ಲಾರಿಗೆ ಹಾಕುತ್ತೇನೆ.

ನಿನ್ನ ತಮ್ಮ